ಕಿರುತೆರೆಯ ಬಾಲ್ಯ ಮತ್ತು ಕನ್ನಡ ವಿಜ್ಞಾನ ಕಥೆ

ಕನ್ನಡದಲ್ಲಿ ವಿಜ್ಞಾನ ಕಥಾಸಾಹಿತ್ಯ ಏಕೆ ಹುಲುಸಾಗಿ ಬೆಳೆಯಲಿಲ್ಲ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ವಿಜ್ಞಾನ ಬಲ್ಲವರು ಕನ್ನಡದಲ್ಲಿ ಬರೆಯುವುದಿಲ್ಲ, ಕನ್ನಡದಲ್ಲಿ ಬರೆಯುವವರು ವಿಜ್ಞಾನ ಬಲ್ಲವರಲ್ಲ ಎಂಬುದು ಮೊದಲನೆಯದು. ನವ್ಯದ ವ್ಯಕ್ತಿನಿಷ್ಠೆ ಮತ್ತು ದಲಿತ-ಬಂಡಾಯದ ಸಮಾಜನಿಷ್ಠೆಗಳ ನಡುವೆ ಭವಿಷ್ಯವನ್ನು ಕಲ್ಪಿಸುವ ಕಥನ 'ಜನಪ್ರಿಯ' ಎಂಬ ಹಣೆಪಟ್ಟಿ ಹೊತ್ತು ಸಾಹಿತ್ಯದ ಹೊರಜಗುಲಿಯಲ್ಲೇ ಉಳಿಯಿತು ಎಂಬುದು ಎರಡನೆಯದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಇವೆರಡೂ ಲೇಖಕ ಮತ್ತು ವಿಮರ್ಶಕನನ್ನು ಕುರಿತು ಮಾತನಾಡುತ್ತವೆಯೇ ಹೊರತು ಓದುಗನನ್ನು ಕುರಿತಲ್ಲ. ಒಂದು ಸಾಹಿತ್ಯ ಪ್ರಕಾರದ ಓದುಗ ಎಲ್ಲಿ, ಯಾವ ವಯಸ್ಸಿನಲ್ಲಿ, ಯಾವ ಭಾಷೆಯಲ್ಲಿ ರೂಪುಗೊಳ್ಳುತ್ತಾನೆ ಎಂಬ ಪ್ರಶ್ನೆಯನ್ನು ಕೇಳಿದಾಗ ವಿಜ್ಞಾನ ಕಥೆಯ ಮಟ್ಟಿಗೆ ಉತ್ತರವನ್ನು ಗ್ರಂಥಾಲಯದಲ್ಲಿ ಮಾತ್ರವಲ್ಲ, ದೂರದರ್ಶನದ ಪೆಟ್ಟಿಗೆಯ ಮುಂದೆಯೂ ಹುಡುಕಬೇಕಾಗುತ್ತದೆ.

1980 ಮತ್ತು 1990ರ ದಶಕಗಳಲ್ಲಿ ಬಾಲ್ಯ ಕಳೆದ ಕನ್ನಡಿಗರಲ್ಲಿ ಅನೇಕರಿಗೆ ವಿಜ್ಞಾನ ಕಥೆಯ ಮೊದಲ ರುಚಿ ಹತ್ತಿಸಿದ್ದು ಕಿರುತೆರೆ. ಆ ರುಚಿ ಬಾಲ್ಯದೊಂದಿಗೆ ಮುಗಿಯಲಿಲ್ಲ, ಮುಂದಿನ ಓದನ್ನೂ ರೂಪಿಸಿತು. ಆದರೆ ಆ ಓದು ಕನ್ನಡದ ಓದಾಗಲಿಲ್ಲ. ದೂರದರ್ಶನ ಕನ್ನಡದ ಮಕ್ಕಳಿಗೆ ವಿಸ್ಮಯವನ್ನು ಕೊಟ್ಟಿತು. ಆ ವಿಸ್ಮಯಕ್ಕೆ ಬೇಕಾದ ನುಡಿಯನ್ನು ಕೊಡಲಿಲ್ಲ. ಕನ್ನಡ ವಿಜ್ಞಾನ ಕಥೆಯ ಕೊರತೆಯನ್ನು ಅರಿಯಲು ಈ ಬಿರುಕನ್ನು ಗಮನಿಸುವುದು ಅಗತ್ಯ.

1

ಭಾರತೀಯ ಕಿರುತೆರೆಗೂ ವಿಜ್ಞಾನ ಕಥೆಗೂ ಇರುವ ನಂಟು ಆಕಸ್ಮಿಕವಾದುದಲ್ಲ. ಭೂಮಿಯಿಂದ ನಿರ್ದಿಷ್ಟ ಎತ್ತರದಲ್ಲಿ ನೆಲೆಗೊಂಡ ಉಪಗ್ರಹಗಳ ಮೂಲಕ ಜಗತ್ತಿನ ಯಾವ ಭಾಗಕ್ಕಾದರೂ ಸಂಕೇತಗಳನ್ನು ರವಾನಿಸಬಹುದೆಂಬ ವಿಚಾರವನ್ನು 1945ರ ಅಕ್ಟೋಬರ್‌ನಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯ ಲೇಖನವೊಂದರಲ್ಲಿ ಮಂಡಿಸಿದವರು ಆರ್ಥರ್ ಸಿ. ಕ್ಲಾರ್ಕ್. ಮುಂದೆ ಅವರು ಇಪ್ಪತ್ತನೆಯ ಶತಮಾನದ ಪ್ರಮುಖ ವಿಜ್ಞಾನ ಕಥೆಗಾರರಲ್ಲಿ ಒಬ್ಬರೆನಿಸಿದರು. ಈ ವಿಚಾರ ಹಳ್ಳಿಗಾಡಿನ ಅನುಭವವಾಗಿ ಇಳಿದುಬಂದ ತಾಣಗಳಲ್ಲಿ ಕರ್ನಾಟಕವೂ ಒಂದು ಎಂಬುದು ಗಮನಾರ್ಹ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ 'ಸೈಟ್' ಯೋಜನೆಯಡಿ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ನೇರವಾಗಿ ತಲುಪಿದವು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಈ ಪ್ರಯೋಗಕ್ಕೆ ಒಳಪಟ್ಟವು. ತಂತಿಜಾಲರಿಯಿಂದ ಮಾಡಿದ ದೊಡ್ಡ ಕೊಡೆಯಂಥ ಆಂಟೆನಾ, ಸಮುದಾಯಕ್ಕೆಲ್ಲ ಸೇರಿದ ಒಂದೇ ಪೆಟ್ಟಿಗೆ, ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಹಿರಿಯರಿಗೆ ಪ್ರಸಾರ ಎಂಬುದು ಅದರ ಸ್ವರೂಪವಾಗಿತ್ತು. ಅದೇ ಅವಧಿಯಲ್ಲಿ ಶ್ರೀಲಂಕಾದ ಕೊಲಂಬೊದಲ್ಲಿ ನೆಲೆಸಿದ್ದ ಕ್ಲಾರ್ಕ್ ಅವರ ಮನೆಯಲ್ಲೂ ಭಾರತದ ತಂತ್ರಜ್ಞರು ಅಂಥ ಗ್ರಾಹಕ ಸಾಧನವೊಂದನ್ನು ಸ್ಥಾಪಿಸಿಕೊಟ್ಟರು.

ಈ ಪ್ರಯೋಗದ ಒಂದು ಅಂಶ ಇಲ್ಲಿನ ಚರ್ಚೆಗೆ ಮುಖ್ಯ. ಸೈಟ್ ಪ್ರಸಾರ ನಾಲ್ಕು ಭಾಷೆಗಳಲ್ಲಿ ನಡೆಯಿತು. ಅವುಗಳಲ್ಲಿ ಕನ್ನಡವೂ ಒಂದು. ಮಕ್ಕಳಿಗಾಗಿ ವಿಜ್ಞಾನದ ಕಾರ್ಯಕ್ರಮಗಳೂ ಅದರಲ್ಲಿದ್ದವು. ಅಂದರೆ ಹೈದರಾಬಾದ್ ಕರ್ನಾಟಕದ ಹಳ್ಳಿಯ ಮಗುವೊಂದು ಉಪಗ್ರಹದ ಮೂಲಕ ಬಂದ ಚಿತ್ರವನ್ನು ತನ್ನ ಭಾಷೆಯ ವಿವರಣೆಯೊಂದಿಗೆ ನೋಡುವುದು 1975ರಲ್ಲೇ ಸಾಧ್ಯವಾಗಿತ್ತು. ಪ್ರಯೋಗ ಒಂದು ವರ್ಷಕ್ಕೆ ಮುಗಿಯಿತು. ತಂತ್ರಜ್ಞಾನ ಮುಂದುವರಿದು ಬೆಳೆಯಿತು. ಮಗುವಿನ ಭಾಷೆಯನ್ನು ಕೇಂದ್ರದಲ್ಲಿರಿಸಿದ ಆ ತತ್ತ್ವ ಅಷ್ಟೇ ಬಲದಿಂದ ಮುಂದುವರಿಯಲಿಲ್ಲ.

2

1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣದ ಪ್ರಸಾರವೂ ಬಂದವು. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅಂತರಿಕ್ಷದಿಂದ ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರೊಡನೆ ಮಾತನಾಡಿದ್ದನ್ನು ದೇಶ ಕಿರುತೆರೆಯಲ್ಲಿ ಕಂಡಿತು. ಅಂತರಿಕ್ಷವೆಂಬುದು ಪಾಠದ ಸಂಗತಿಯಾಗಿದ್ದುದು ನೋಟದ ಸಂಗತಿಯಾಯಿತು. ಇದೇ ದಶಕದಲ್ಲಿ ಅಮೆರಿಕದ 'ಸ್ಟಾರ್ ಟ್ರೆಕ್' ದೂರದರ್ಶನದ ಭಾನುವಾರದ ಕಾರ್ಯಕ್ರಮವಾಗಿ ಬಂದಿತು. ಅಲ್ಲಿ ಅದು ಮೊದಲು ಪ್ರಸಾರವಾದದ್ದು 1966ರಿಂದ 1969ರವರೆಗೆ; ಇಲ್ಲಿಗೆ ಬರುವ ವೇಳೆಗೆ ಅದು ಹಳೆಯ ಸರಕು. ಆದರೆ ಇಲ್ಲಿನ ಮಗುವಿಗೆ ಹಳತು ಹೊಸತೆಂಬ ಭೇದವಿರಲಿಲ್ಲ. ಜಪಾನಿನ ದೈತ್ಯ ಯಂತ್ರಮಾನವನ ಧಾರಾವಾಹಿ, ಕಾರ್ಲ್ ಸೇಗನ್ ಅವರ 'ಕಾಸ್ಮೋಸ್' ಸರಣಿಗಳೂ ಈ ಕಾಲದ ನೋಟಕ್ಕೆ ಸೇರಿದವು. ದಶಕದ ಕೊನೆಯಲ್ಲಿ ದೇಶದಲ್ಲೇ ತಯಾರಾದ ಹಿಂದಿಯ 'ಸ್ಪೇಸ್ ಸಿಟಿ ಸಿಗ್ಮಾ', 'ಇಂದ್ರಧನುಷ್' ಬಂದವು. 1998ರಲ್ಲಿ ಕೇತನ್ ಮೆಹ್ತಾ ನಿರ್ದೇಶನದ 'ಕ್ಯಾಪ್ಟನ್ ವ್ಯೋಮ್' ಬಂದಿತು.

ಈ ಪಟ್ಟಿಯಲ್ಲಿ ಕನ್ನಡಕ್ಕೆ ಸೇರಿದ ಹೆಸರೊಂದು ಎದ್ದು ಕಾಣುತ್ತದೆ. 'ಇಂದ್ರಧನುಷ್' ಧಾರಾವಾಹಿಯಲ್ಲಿ ಗಿರೀಶ ಕಾರ್ನಾಡರು ಅಭಿನಯಿಸಿದ್ದರು. 1990ರ ದಶಕದಲ್ಲಿ ಬಂದ 'ಟರ್ನಿಂಗ್ ಪಾಯಿಂಟ್' ಎಂಬ ವಿಜ್ಞಾನ ಕಾರ್ಯಕ್ರಮವನ್ನು ನಡೆಸಿಕೊಟ್ಟವರೂ ಅವರೇ. ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಭೌತವಿಜ್ಞಾನಿ ಯಶಪಾಲರು ಸೈಟ್ ಪ್ರಯೋಗದ ಕಾಲದಲ್ಲಿ ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರದ ನಿರ್ದೇಶಕರಾಗಿದ್ದವರು. ಕನ್ನಡದ ಶ್ರೇಷ್ಠ ನಾಟಕಕಾರರೊಬ್ಬರು ದೇಶದ ಮಕ್ಕಳಿಗೆಲ್ಲ ವಿಜ್ಞಾನದ ಕುತೂಹಲವನ್ನು ಹಂಚುತ್ತಿದ್ದರು. ಆದರೆ ಅದು ರಾಷ್ಟ್ರೀಯ ಜಾಲದ ಕಾರ್ಯಕ್ರಮವಾದುದರಿಂದ ಅದರ ಭಾಷೆ ಕನ್ನಡವಾಗಿರಲಿಲ್ಲ. ಇದನ್ನು ವ್ಯಕ್ತಿಯ ದೋಷವೆನ್ನಲಾಗದು. ವ್ಯವಸ್ಥೆಯ ಸ್ವರೂಪವೇ ಹಾಗಿತ್ತು.

3

ಬಾಲ್ಯದಲ್ಲಿ ಕಂಡ ಇಂಥ ದೃಶ್ಯಗಳು ಏಕೆ ಅಷ್ಟು ದೀರ್ಘಕಾಲ ಉಳಿಯುತ್ತವೆ? ಉತ್ತರವನ್ನು ನೋಡಿದ ವಸ್ತುವಿನಲ್ಲಿ ಮಾತ್ರವಲ್ಲದೆ ನೋಡಿದ ರೀತಿಯಲ್ಲೂ ಹುಡುಕಬೇಕು. ಅಂದಿನ ಕಿರುತೆರೆಯ ಮೂರು ಗುಣಗಳು ಇಲ್ಲಿ ಮುಖ್ಯವಾಗುತ್ತವೆ.

ಮೊದಲನೆಯದು ಕಾಯುವಿಕೆ. ಒಂದೇ ವಾಹಿನಿ, ವಾರಕ್ಕೊಂದು ಕಂತು, ಮತ್ತೆ ನೋಡಬೇಕೆಂದರೆ ಸಾಧ್ಯವಿಲ್ಲ. ಕಥೆ ನಿಂತಲ್ಲಿಂದ ಮುಂದಿನ ಭಾನುವಾರದವರೆಗೆ ಅದನ್ನು ಬೆಳೆಸುವ ಹೊಣೆ ಮಗುವಿನದೇ. ಶಾಲೆಯ ಬಯಲಿನಲ್ಲಿ ಕಂತನ್ನು ಮರುಕಥಿಸುವುದು, ಕಾಣದವರಿಗೆ ಸೇರಿಸಿ ಹೇಳುವುದು ಇವೆಲ್ಲ ಕಥನದ ಪ್ರಾಥಮಿಕ ಅಭ್ಯಾಸಗಳು. ಎರಡನೆಯದು ಅಪೂರ್ಣತೆ. ಚಿಕ್ಕ ಪರದೆ, ನಡುನಡುವೆ ಕೈಕೊಡುವ ವಿದ್ಯುತ್ತು, ಗಾಳಿಗೆ ತಿರುಗುವ ಆಂಟೆನಾ, ರಟ್ಟಿನದೆಂದು ಗೊತ್ತಾಗುವ ಅಂತರಿಕ್ಷನೌಕೆ ಇವು ಕಲ್ಪನೆಗೆ ಅಡ್ಡಿಯಾಗುವ ಬದಲು ಅವಕಾಶ ಮಾಡಿಕೊಟ್ಟವು. ತೆರೆ ತೋರಿಸದ್ದನ್ನು ಮನಸ್ಸು ತುಂಬಿಕೊಳ್ಳಬೇಕಾಗಿತ್ತು. ಮೂರನೆಯದು ಅನ್ಯಭಾಷೆ. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಸಂಭಾಷಣೆ ಬಹುಪಾಲು ಅರ್ಥವಾಗುತ್ತಿರಲಿಲ್ಲ. ಹಿಂದಿ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಮಾತನ್ನು ಬಿಟ್ಟು ಮುಖ, ಚಲನೆ, ಧ್ವನಿಗಳಿಂದ ಕಥೆಯನ್ನು ಊಹಿಸುವ ಕೆಲಸ ನಿರಂತರ ನಡೆಯುತ್ತಿತ್ತು.

ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಅದ್ಭುತ ರಸದ ಸ್ಥಾಯೀಭಾವ ವಿಸ್ಮಯ. ಸ್ಥಾಯಿಯೆಂಬ ಮಾತೇ ಸೂಚಿಸುವಂತೆ ಅದು ಬಂದುಹೋಗುವ ಸಂಚಾರಿಯಲ್ಲ. ಆದರೆ ವಿಜ್ಞಾನ ಕಥೆಗೆ ವಿಸ್ಮಯವೊಂದೇ ಸಾಲದು. ವಿಮರ್ಶಕ ಡಾರ್ಕೊ ಸುವಿನ್ 1979ರ ತಮ್ಮ ಗ್ರಂಥದಲ್ಲಿ ವಿಜ್ಞಾನ ಕಥೆಯನ್ನು 'ಅರಿವಿನ ಅಪರಿಚಿತೀಕರಣ'ದ ಸಾಹಿತ್ಯವೆಂದು ವ್ಯಾಖ್ಯಾನಿಸಿದರು. ಪರಿಚಿತ ಲೋಕವನ್ನು ಅಪರಿಚಿತವಾಗಿಸುವುದು ಅದರ ಒಂದು ಕೈ. ಆ ಅಪರಿಚಿತ ಲೋಕ ಹೇಗೆ, ಏಕೆ ಸಾಧ್ಯ ಎಂಬುದನ್ನು ತರ್ಕಕ್ಕೆ ಒಳಪಡಿಸುವುದು ಇನ್ನೊಂದು ಕೈ. ಮೊದಲನೆಯದನ್ನು ದೃಶ್ಯವೇ ಮಾಡಬಲ್ಲದು. ಎರಡನೆಯದಕ್ಕೆ ಭಾಷೆ ಬೇಕು. ಕಾರಣ, ಪರಿಣಾಮ, ಊಹೆ, ಆಕ್ಷೇಪಗಳೆಲ್ಲ ವಾಕ್ಯರೂಪದಲ್ಲೇ ನಡೆಯತಕ್ಕವು. ಕನ್ನಡದ ಮಗುವಿಗೆ ಕಿರುತೆರೆಯಿಂದ ದಕ್ಕಿದ್ದು ಬಹುಮಟ್ಟಿಗೆ ಮೊದಲ ಭಾಗ.

ಇದರ ಇನ್ನೊಂದು ಪರಿಣಾಮವನ್ನೂ ಗಮನಿಸಬೇಕು. ಜನವರಿ 1987ರಲ್ಲಿ 'ರಾಮಾಯಣ', 1988ರ ಅಕ್ಟೋಬರ್‌ನಲ್ಲಿ 'ಮಹಾಭಾರತ' ಆರಂಭವಾದವು. ಪುಷ್ಪಕ ವಿಮಾನವೂ ಅಂತರಿಕ್ಷನೌಕೆಯೂ ಒಂದೇ ಪೆಟ್ಟಿಗೆಯಲ್ಲಿ ಹಾರಿದವು. ಎರಡೂ ವಿಸ್ಮಯವೇ, ಎರಡಕ್ಕೂ ತಮ್ಮದೇ ಗೌರವವಿದೆ. ಆದರೆ ಪುರಾಣ ಕೇಳುವುದು ಶ್ರದ್ಧೆಯನ್ನು, ವಿಜ್ಞಾನ ಕಥೆ ಕೇಳುವುದು ಪ್ರಶ್ನೆಯನ್ನು. ಈ ವ್ಯತ್ಯಾಸವನ್ನು ಮಗುವಿನ ಭಾಷೆಯಲ್ಲಿ ತಿಳಿಹೇಳುವ ಕಥೆಗಳು ಕೈಗೆ ಸಿಗದಿದ್ದಾಗ ಎರಡು ವಿಸ್ಮಯಗಳೂ ಒಂದರೊಳಗೊಂದು ಕಲಸಿಹೋಗುತ್ತವೆ. ಪುರಾಣವನ್ನು ವಿಜ್ಞಾನವೆಂದು ಸಾಧಿಸಹೊರಡುವ ವಾದಗಳಿಗೆ ಸುಲಭವಾಗಿ ಒಪ್ಪಿಗೆ ದೊರೆಯುವುದರ ಹಿಂದೆ ಈ ಕಲಸುವಿಕೆಯೂ ಇದೆ. ಆದ್ದರಿಂದ ಕನ್ನಡದಲ್ಲಿ ವಿಜ್ಞಾನ ಕಥೆ ಇಲ್ಲದಿರುವುದು ಕೇವಲ ಒಂದು ಸಾಹಿತ್ಯ ಪ್ರಕಾರದ ಕೊರತೆಯಲ್ಲ.

4

ಬಾಲ್ಯದ ನೋಟ ಬಾಳಿನ ಓದಾಗಿ ಬೆಳೆದ ಕಡೆಗಳಲ್ಲೆಲ್ಲ ಒಂದು ಸಂಗತಿ ಸಮಾನವಾಗಿದೆ. ಅಲ್ಲಿ ಕಿರುತೆರೆಯ ಪಕ್ಕದಲ್ಲೇ, ಅದೇ ಭಾಷೆಯಲ್ಲಿ ಪುಸ್ತಕವಿತ್ತು.

ಬ್ರಿಟನ್ನಿನ 'ಡಾಕ್ಟರ್ ಹೂ' ಇದಕ್ಕೆ ಒಳ್ಳೆಯ ನಿದರ್ಶನ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾದ ಈ ಧಾರಾವಾಹಿಯ ಕಥೆಗಳು 1970ರ ದಶಕದಿಂದ 'ಟಾರ್ಗೆಟ್' ಮಾಲೆಯ ಅಗ್ಗದ ಪುಸ್ತಕಗಳಾಗಿ ಬಂದವು. ಧಾರಾವಾಹಿಗೆ ಬರೆಯುತ್ತಿದ್ದ ಟೆರೆನ್ಸ್ ಡಿಕ್ಸ್ ಒಬ್ಬರೇ ಅರವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಮಕ್ಕಳಿಗೆ ಎಟುಕುವ ಸರಳ ಗದ್ಯದಲ್ಲಿ ಬರೆದರು. ಮನೆಯಲ್ಲಿ ಕಂತುಗಳನ್ನು ದಾಖಲಿಸಿಡುವ ಸೌಲಭ್ಯ ಸಾಮಾನ್ಯವಾಗಿರದ ಕಾಲದಲ್ಲಿ ನೋಡಿದ್ದನ್ನು ಮತ್ತೆ ಅನುಭವಿಸಲು ಮಗುವಿಗಿದ್ದ ದಾರಿ ಓದೊಂದೇ. 1989ರಲ್ಲಿ ನಿಂತ ಈ ಧಾರಾವಾಹಿಯನ್ನು 2005ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ ರಸೆಲ್ ಟಿ. ಡೇವಿಸ್ ಬಾಲ್ಯದಲ್ಲಿ ಅದರ ನೋಡುಗರಾಗಿದ್ದವರು. ಅಮೆರಿಕದಲ್ಲೂ 'ಸ್ಟಾರ್ ಟ್ರೆಕ್' ಪ್ರಸಾರದಲ್ಲಿದ್ದಾಗಲೇ, 1967ರಿಂದ, ಜೇಮ್ಸ್ ಬ್ಲಿಷ್ ಅದರ ಕಂತುಗಳನ್ನು ಕಥೆಗಳಾಗಿ ಬರೆದು ಪ್ರಕಟಿಸತೊಡಗಿದರು. ಅದೇ ಧಾರಾವಾಹಿಯ ಉಹುರಾ ಎಂಬ ಕಪ್ಪು ಮಹಿಳಾ ಅಧಿಕಾರಿಯ ಪಾತ್ರವನ್ನು ಬಾಲ್ಯದಲ್ಲಿ ಕಂಡು ಸ್ಫೂರ್ತಿಗೊಂಡ ಮೇ ಜೆಮಿಸನ್ 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆಯಾದರು. ನೋಟ, ಓದು, ಬದುಕುಗಳ ನಡುವೆ ಭಾಷೆಯ ಗೋಡೆ ಇಲ್ಲದಿದ್ದಾಗ ಪ್ರೀತಿ ಎಲ್ಲಿಯವರೆಗೆ ಸಾಗಬಲ್ಲದೆಂಬುದಕ್ಕೆ ಇವು ಸಾಕ್ಷಿ.

ಈ ದೇಶಗಳ ಅನುಕೂಲವೇ ಬೇರೆ, ಅವುಗಳೊಡನೆ ಕನ್ನಡದ ಹೋಲಿಕೆ ಸಲ್ಲದು ಎನ್ನಬಹುದು. ಹಾಗಾದರೆ ನೆರೆಯ ಭಾಷೆಗಳನ್ನು ನೋಡಬಹುದು. ಬಂಗಾಳಿಯಲ್ಲಿ ಸತ್ಯಜಿತ್ ರಾಯ್ ಅವರ ಪ್ರೊಫೆಸರ್ ಶೊಂಕು 1961ರಲ್ಲೇ 'ಸಂದೇಶ್' ಎಂಬ ಮಕ್ಕಳ ಪತ್ರಿಕೆಯಲ್ಲಿ ಹುಟ್ಟಿದ್ದ. ಮರಾಠಿಯಲ್ಲಿ ಖಗೋಳವಿಜ್ಞಾನಿ ಜಯಂತ ನಾರಳೀಕರರು ಸ್ವತಃ ವಿಜ್ಞಾನ ಕಥೆಗಳನ್ನು ಬರೆದರು. ದೂರದರ್ಶನದ 'ಬ್ರಹ್ಮಾಂಡ' ಸರಣಿಯಲ್ಲಿ ಮಕ್ಕಳಿಗೆ ಕಾಣಿಸಿಕೊಂಡವರೂ ಅವರೇ. ತೆರೆಯ ಮೇಲೆ ಕಂಡವರನ್ನು ತನ್ನ ಭಾಷೆಯಲ್ಲೇ ಓದುವ ಭಾಗ್ಯ ಮರಾಠಿಯ ಮಗುವಿಗಿತ್ತು.

5

ಕನ್ನಡಕ್ಕೆ ಈ ಸಾಮರ್ಥ್ಯವಿರಲಿಲ್ಲವೆಂದು ಹೇಳುವುದು ಚರಿತ್ರೆಗೆ ಬಗೆಯುವ ಅಪಚಾರ. ಶಿವರಾಮ ಕಾರಂತರ 'ಬಾಲ ಪ್ರಪಂಚ' ಮತ್ತು 'ವಿಜ್ಞಾನ ಪ್ರಪಂಚ' ಸಂಪುಟಗಳು ದೂರದರ್ಶನಕ್ಕಿಂತ ಎಷ್ಟೋ ಮೊದಲೇ ವಿಜ್ಞಾನವನ್ನು ಕನ್ನಡದಲ್ಲಿ ಹೇಳಿ ತೋರಿಸಿದ್ದವು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆ ಶಾಲೆಗಳಿಗೆ ಹೋಗುತ್ತಿತ್ತು. ರಾಜಶೇಖರ ಭೂಸನೂರಮಠ, ಮನು ಮೊದಲಾದವರು ವಿಜ್ಞಾನ ಕಥೆ, ಕಾದಂಬರಿಗಳನ್ನು ಬರೆಯುತ್ತಿದ್ದರು. 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಹಾರುವ ಓತಿಯೊಂದರ ಬೆನ್ನುಹತ್ತಿ ಮಲೆನಾಡಿನ ಮಂದಣ್ಣ, ಪ್ಯಾರರ ನಡುವೆ ವಿಕಾಸವಾದದ ವಿಸ್ಮಯವನ್ನು ನೆಲೆಗೊಳಿಸಿತು. ಅದನ್ನು ವಿಜ್ಞಾನ ಕಥೆಯೆಂದು ಕರೆಯಬೇಕೆ ಎಂಬುದು ಚರ್ಚಾಸ್ಪದ; ವೈಜ್ಞಾನಿಕ ವಿಸ್ಮಯವನ್ನು ಹೊರಬಲ್ಲ ಗದ್ಯ ಕನ್ನಡದಲ್ಲಿತ್ತೆಂಬುದು ನಿರ್ವಿವಾದ.

ಹಾಗಾದರೆ ಕೊರತೆಯಿದ್ದದ್ದು ಎಲ್ಲಿ? ತೆರೆಗೂ ಪುಟಕ್ಕೂ ನಡುವಣ ಸೇತುವೆಯಲ್ಲಿ. ಭಾನುವಾರ ಕಂಡದ್ದು ಇಂಗ್ಲಿಷ್ ಇಲ್ಲವೆ ಹಿಂದಿಯ ಲೋಕ. ಗ್ರಂಥಾಲಯದಲ್ಲಿದ್ದದ್ದು ಕನ್ನಡದ ಲೋಕ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಮಗುವಿಗೆ ತೋರಿಸಿದವರು ವಿರಳ. ಇಂಗ್ಲಿಷ್ ಕಲಿತ ಮೇಲೆ ಆ ಮಗು ತನ್ನ ಹಳೆಯ ಪ್ರೀತಿಯನ್ನು ಹುಡುಕಿಕೊಂಡು ಅಸಿಮೋವ್, ಕ್ಲಾರ್ಕ್ ಅವರ ಕಪಾಟಿಗೆ ಹೋಯಿತು. ಇಂಗ್ಲಿಷ್ ದಕ್ಕದ ಮಗುವಿನಲ್ಲಿ ಆ ಪ್ರೀತಿ ನೆನಪಾಗಿ ಮಾತ್ರ ಉಳಿಯಿತು. ಹೀಗೆ ಒಂದೇ ಪೆಟ್ಟಿಗೆಯ ಮುಂದೆ ಕುಳಿತ ಇಬ್ಬರು ಮಕ್ಕಳನ್ನು ಭಾಷೆ ಎರಡು ದಾರಿಗೆ ಕಳುಹಿತು. ಎರಡೂ ದಾರಿಗಳಲ್ಲಿ ನಷ್ಟವಾದದ್ದು ಕನ್ನಡಕ್ಕೆ.

ಈ ಸಂದರ್ಭದಲ್ಲಿ ಡಬ್ಬಿಂಗ್ ಪ್ರಶ್ನೆಯನ್ನು ತಪ್ಪಿಸಿ ಮಾತನಾಡುವುದು ಪ್ರಾಮಾಣಿಕವಾಗದು. 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ನಡೆದ ಹೋರಾಟಕ್ಕೆ ನ್ಯಾಯವಾದ ಕಾರಣಗಳಿದ್ದವು. ಕನ್ನಡ ಚಿತ್ರರಂಗವಿನ್ನೂ ಎಳೆಯದಾಗಿತ್ತು. ಕಲಾವಿದರ, ತಂತ್ರಜ್ಞರ ಜೀವನೋಪಾಯದ ಪ್ರಶ್ನೆಯಿತ್ತು. ಕನ್ನಡದ ಚಿತ್ರ ಕನ್ನಡದ ನೆಲದಲ್ಲೇ ತಯಾರಾಗಬೇಕೆಂಬ ಆತ್ಮಗೌರವವಿತ್ತು. ಆ ಹೋರಾಟವಿಲ್ಲದೆ ಮುಂದಿನ ದಶಕಗಳ ಕನ್ನಡ ಸಿನಿಮಾವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಆದರೆ ಒಂದು ಕಾಲಕ್ಕೆ ರಕ್ಷಣೆಯಾಗಿದ್ದ ಕ್ರಮ ಇನ್ನೊಂದು ಕಾಲಕ್ಕೆ, ಇನ್ನೊಂದು ಮಾಧ್ಯಮಕ್ಕೆ ಹರಡಿದಾಗ ಅದರ ಪರಿಣಾಮ ಬೇರೆಯಾಗುತ್ತದೆ. ಕನ್ನಡದಲ್ಲಿ ತಯಾರಿಸುವ ಬಂಡವಾಳವೇ ಇಲ್ಲದ ಅಂತರಿಕ್ಷದ ಕಥೆ, ವಿಜ್ಞಾನದ ಸಾಕ್ಷ್ಯಚಿತ್ರಗಳು ಡಬ್ ಆಗಿ ಬಾರದಿದ್ದಾಗ ಅವುಗಳ ಜಾಗವನ್ನು ಕನ್ನಡದ ಕೃತಿ ತುಂಬಲಿಲ್ಲ. ಹಿಂದಿ, ಇಂಗ್ಲಿಷ್‌ಗಳು ನೇರವಾಗಿ ತುಂಬಿದವು. ರಕ್ಷಿಸಬೇಕಾದ ಭಾಷೆಯೇ ಮಗುವಿನ ವಿಸ್ಮಯದ ಲೋಕದಿಂದ ಹೊರಗುಳಿಯಿತು. 2009ರಲ್ಲಿ 'ಚಿಂಟು ಟಿವಿ' ಆರಂಭವಾಗಿ ಮಕ್ಕಳ ವ್ಯಂಗ್ಯಚಿತ್ರಗಳು ಕನ್ನಡದಲ್ಲಿ ಮಾತನಾಡತೊಡಗಿದವು. ಡಬ್ಬಿಂಗ್ ತಡೆಯುವ ಸಂಘಟಿತ ಕ್ರಮಗಳ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದದ್ದು 2015ರಲ್ಲಿ. ದೂರದರ್ಶನವನ್ನು ನೋಡಿ ಬೆಳೆದ ತಲೆಮಾರಿನ ಬಾಲ್ಯ ಅಷ್ಟರಲ್ಲಿ ಮುಗಿದಿತ್ತು.

6

ಈ ವಾದಕ್ಕೆ ಎರಡು ಆಕ್ಷೇಪಗಳು ಸಹಜ. ಕಿರುತೆರೆ ಓದನ್ನು ಕೊಂದಿತೇ ಹೊರತು ಹುಟ್ಟಿಸಲಿಲ್ಲ ಎಂಬುದು ಮೊದಲನೆಯದು. ಕಿರುತೆರೆಯ ಮುಂದೆ ಕಳೆದ ಹೊತ್ತು ಪುಸ್ತಕದಿಂದ ಕಿತ್ತುಕೊಂಡ ಹೊತ್ತು ಎಂಬ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮೇಲಿನ ನಿದರ್ಶನಗಳು ತೋರುವಂತೆ ನೋಟ ಓದಿನ ಶತ್ರುವಾಗುತ್ತದೋ ಮಿತ್ರವಾಗುತ್ತದೋ ಎಂಬುದು ಆ ಭಾಷೆಯ ಪ್ರಕಾಶನ, ಶಾಲೆ, ಗ್ರಂಥಾಲಯಗಳು ಮಾಡುವ ಕೆಲಸವನ್ನು ಅವಲಂಬಿಸಿದೆ. ಕನ್ನಡಕ್ಕೂ ಇಂಥ ಸೇತುವೆಯ ಅನುಭವವಿದೆ. 'ಕಸ್ತೂರಿ' ಮಾಸಪತ್ರಿಕೆಯ ಪುಸ್ತಕ ವಿಭಾಗ ಲೋಕದ ಎಷ್ಟೋ ಕೃತಿಗಳ ಸಂಗ್ರಹಗಳನ್ನು ಕನ್ನಡದ ಮನೆಗಳಿಗೆ ಮುಟ್ಟಿಸಿತು. ಅಂಥದೊಂದು ಯತ್ನ ತೆರೆಯ ಕಥೆಗಳಿಗೆ ವ್ಯವಸ್ಥಿತವಾಗಿ ನಡೆಯಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. 1980ರ ದಶಕದಲ್ಲಿ ದೂರದರ್ಶನದ ಪೆಟ್ಟಿಗೆ ಎಷ್ಟು ಮನೆಗಳಲ್ಲಿತ್ತು? ಇದ್ದ ಮನೆಯ ಪಡಸಾಲೆಗೆ ಊರಿನ ಎಲ್ಲ ಮಕ್ಕಳಿಗೂ ಪ್ರವೇಶವಿತ್ತೇ? ಕಿಟಕಿಯ ಹೊರಗೆ ನಿಂತು ನೋಡಿದವರು ಯಾರು, ಒಳಗೆ ಕುಳಿತವರು ಯಾರು? ಭಾನುವಾರ ಬೆಳಿಗ್ಗೆ ಮನೆಗೆಲಸದಲ್ಲಿ ತೊಡಗಿರಬೇಕಾಗಿದ್ದ ಹೆಣ್ಣುಮಕ್ಕಳಿಗೆ ಕಂತಿನ ಎಷ್ಟು ಭಾಗ ದಕ್ಕಿತು? ಜಾತಿ, ವರ್ಗ, ಲಿಂಗಗಳ ಈ ಪ್ರಶ್ನೆಗಳನ್ನು ಕೇಳದೆ ದೂರದರ್ಶನದ ಬಾಲ್ಯವನ್ನು ವರ್ಣಿಸುವುದು ಕೆಲವರ ಹಳಹಳಿಕೆಯನ್ನು ಎಲ್ಲರ ಚರಿತ್ರೆಯೆಂದು ಸಾರಿದಂತಾಗುತ್ತದೆ. ಆದರೆ ಈ ಆಕ್ಷೇಪ ವಿಷಯವನ್ನು ಕೈಬಿಡಲು ಕಾರಣವಲ್ಲ. ಅದನ್ನು ಸರಿಯಾಗಿ ಅಧ್ಯಯನ ಮಾಡಲು ಇರುವ ಕಾರಣ.

ಅಂಥ ಅಧ್ಯಯನದ ಹೊಣೆ ಯಾರದು? ಜನಪದ ಕಥನಗಳನ್ನು ಊರೂರು ತಿರುಗಿ ಸಂಗ್ರಹಿಸಿದ, ಮೌಖಿಕ ಕಾವ್ಯಗಳನ್ನು ಸಂಪುಟಗಳಾಗಿಸಿದ ಕನ್ನಡ ವಿಭಾಗಗಳಿಗೆ ಈ ಕೆಲಸದ ವಿಧಾನ ಹೊಸದಲ್ಲ. ಸೈಟ್ ಪ್ರಯೋಗದ ಹಳ್ಳಿಗಳಲ್ಲಿ ಅಂದು ಮಕ್ಕಳಾಗಿದ್ದವರು ಇಂದು ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರ ನೆನಪುಗಳನ್ನು ದಾಖಲಿಸಲು ಉಳಿದಿರುವ ಕಾಲ ಅಪರಿಮಿತವಲ್ಲ. ಕನ್ನಡ ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಚದುರಿಹೋಗಿರುವ ವಿಜ್ಞಾನ ಕಥೆಗಳ ಸೂಚಿಯೊಂದು ಸಿದ್ಧವಾಗಬೇಕು. ಸ್ನಾತಕೋತ್ತರ ಪಠ್ಯದಲ್ಲಿ 'ಕರ್ವಾಲೊ'ವನ್ನು ಪರಿಸರದ ಕಾದಂಬರಿಯೆಂದು ಓದಿಸುವುದರ ಜೊತೆಗೆ ಭೂಸನೂರಮಠ, ಮನು ಅವರ ಕೃತಿಗಳ ಪಕ್ಕದಲ್ಲಿಟ್ಟು ಓದಿಸಿದರೆ ವಿಸ್ಮಯ ಮತ್ತು ಅರಿವು ಕನ್ನಡ ಗದ್ಯದಲ್ಲಿ ಹೇಗೆ ಕೂಡುತ್ತವೆ ಎಂಬ ಚರ್ಚೆಗೆ ದಾರಿಯಾಗುತ್ತದೆ. ಕಾಲಯಾನ, ಯಂತ್ರಮಾನವ, ಅನ್ಯಗ್ರಹಜೀವಿ ಮೊದಲಾದ ಪದಗಳು ಕನ್ನಡದಲ್ಲಿ ಯಾವಾಗ, ಯಾರ ಬರಹದಲ್ಲಿ ಬೇರೂರಿದವು ಎಂಬುದು ಸ್ವತಂತ್ರ ಸಂಶೋಧನೆಗೆ ಯೋಗ್ಯವಾದ ವಿಷಯ.

ಇಂದಿನ ಮಗುವಿನ ಮುಂದಿರುವುದು ಒಂದು ವಾಹಿನಿಯಲ್ಲ, ಅಂಗೈಯಲ್ಲೇ ಹಿಡಿಸುವ ಅಸಂಖ್ಯ ತೆರೆಗಳು. ಕಾಯುವಿಕೆ ಹೋಗಿದೆ, ಅಪೂರ್ಣತೆಯೂ ಬಹುಮಟ್ಟಿಗೆ ಹೋಗಿದೆ. ಉಳಿದಿರುವುದು ಅನ್ಯಭಾಷೆಯೊಂದೇ. ವಿಸ್ಮಯ ಆ ಮಗುವಿಗೂ ಆಗುತ್ತಲೇ ಇದೆ. ತೆರೆ ಆರಿದ ಮೇಲೆ ಅದು ಕನ್ನಡದಲ್ಲಿ ಕೇಳುವ ಮೊದಲ ಪ್ರಶ್ನೆಗೆ ಕನ್ನಡದಲ್ಲೊಂದು ಕಥೆ ಸಿದ್ಧವಿರಬೇಕು. ಹಿಂದಿನ ತಲೆಮಾರಿಗೆ ಅದನ್ನು ಒದಗಿಸಲಾಗಲಿಲ್ಲ ಎಂಬುದಕ್ಕೆ ಕಾರಣಗಳನ್ನು ಹೇಳಬಹುದು; ಈ ತಲೆಮಾರಿಗೆ ಅದೇ ಕಾರಣಗಳನ್ನು ಮತ್ತೆ ಹೇಳಲು ಬಾರದು.